ಅಕ್ಕೋರ ಸೆರಗಿನ ಗಂಟುಗಳು

ಅವರ ಸೆರಗಿನ ತುದಿ ಒಂದು ದಿನವಾದರೂ ನೆಟ್ಟಗೆ ಇದ್ದದ್ದನ್ನು ನಾನು ಕಾಣೆ. ಉಳಿದ ಸೀರೆಯೆಲ್ಲ ಗಂಜಿ ಹಾಕಿ, ನಿರಿಗೆ ಹಿಡಿದು, ಹೆಗಲಿಗೆ ಪಿನ್ನು ಚುಚ್ಚಿ, ನೌಕರಿಯ ಹೆಣ್ಣುಮಕ್ಕಳು ಉಡುವ ಹಾಗೇ ಇರುತ್ತಿತ್ತು. ತುದಿಯೊಂದು ಮಾತ್ರ ಮುದುಡಿ ಮುದ್ದೆಯಾಗಿರುತ್ತಿತ್ತು. ಮೊದಲ ಸಲ ನೋಡಿದಾಗ, ಪಾಪ, ಇವರ ಮನೆಯ ಇಸ್ತ್ರಿ ಪೆಟ್ಟಿಗೆ ಕೆಟ್ಟಿರಬೇಕು ಅಂದುಕೊಂಡಿದ್ದೆ. ನನ್ನ ಬುದ್ಧಿ ಓಡುವುದೇ ಅಷ್ಟು ದೂರ.

ಅವರು ಹೋಗಿ ಈಗ ಒಂದು ತಿಂಗಳಾಯಿತು. ಜಮಖಂಡಿಯಲ್ಲಿ ಬನಹಟ್ಟಿಯ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದರೆ ಸಾಕು, ಕಬ್ಬಿನ ಹೊಲಗಳು ಹಿಂದೆ ಹಿಂದೆ ಸರಿದಂತೆ ನನ್ನ ಕಣ್ಣಿಗೆ ಮಂಪರು ಕವಿಯುತ್ತದೆ. ಆ ಮಂಪರಿನಲ್ಲಿ ಮುಂದಿನ ಸೀಟಿನಿಂದ ಒಂದು ಸಣ್ಣ ದನಿ ಕೇಳುತ್ತದೆ. "ಕೂಸಿಗೆ ಸೂಜಿ ಹಾಕ್ಸೀಯೇನವ್ವಾ? ಹಾಕಿದಾಕಿ ಏನ್ ಹೇಳಿದ್ಳು?" ಬೆಚ್ಚಿ ಕಣ್ಣು ಬಿಟ್ಟರೆ ಆ ಸೀಟಿನಲ್ಲಿ ಯಾರೋ ಒಬ್ಬರು ಯಜಮಾನರು ತಲೆಯ ಪಟಕಾ ಮುಂದಕ್ಕೆ ಜಾರಿಸಿಕೊಂಡು ಗೊರಕೆ ಹೊಡೆಯುತ್ತಿರುತ್ತಾರೆ. ನನಗೆ ನಗುವೂ ಬರುತ್ತದೆ, ಅಳುವೂ ಬರುತ್ತದೆ. ನಾನು ನಗುವುದನ್ನೇ ಆರಿಸಿಕೊಳ್ಳುತ್ತೇನೆ; ಬಸ್ಸಿನಲ್ಲಿ ಅತ್ತರೆ ಹತ್ತು ಜನ ಕಾರಣ ಕೇಳುತ್ತಾರೆ.

ಅವರು ಆರೋಗ್ಯ ಇಲಾಖೆಯಲ್ಲಿ ಹಿರಿಯ ಆರೋಗ್ಯ ಸಹಾಯಕಿ. ಓಣಿ ಓಣಿ ತಿರುಗಿ ಕೂಸುಗಳಿಗೆ ಲಸಿಕೆ ಹಾಕುವ ನನ್ನಂಥ ನರ್ಸಬಾಯಿಗಳ ಕೆಲಸ ನೋಡುವುದು, ಆಗೀಗ ನಮ್ಮನ್ನು ಒಂದೆಡೆ ಸೇರಿಸಿ ಹೊಸದನ್ನು ಕಲಿಸುವುದು ಅವರ ಪಾಲಿನ ಕೆಲಸ. ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಹಾಗಾಗಿ ಅವರು ಎಲ್ಲರಿಗೂ ಅಕ್ಕೋರೇ. ಡಾಕ್ಟರ ಸಾಹೇಬರೂ ಹಾಗೇ ಕರೆಯುತ್ತಿದ್ದರು. ಗಿಡ್ಡ ಆಳು, ದಪ್ಪ ಗಾಜಿನ ಕನ್ನಡಕ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವರು. ಆ ಊರಿನಲ್ಲಿ ಹಗಲೆಲ್ಲ ಪವರ್‌ಲೂಮ್ ಮಗ್ಗಗಳು ಖಟಖಟ ಬಡಿಯುತ್ತಿರುತ್ತವೆ, ಅದಕ್ಕೇ ಅಲ್ಲಿನವರು ಎದುರಿಗೇ ಕೂತಿದ್ದರೂ ಆಚೆ ಓಣಿಗೆ ಕೇಳುವಂತೆ ಮಾತಾಡುತ್ತಾರೆ. ಇವರೊಬ್ಬರದು ಮಾತ್ರ ಪಿಸುದನಿ. ಏನಾದರೂ ಹೇಳುವುದಿದ್ದರೆ ಹತ್ತಿರ ಬಂದು, ಮೊಣಕೈ ಮುಟ್ಟಿ, ನಾವು ಮುಖ ನೋಡುವ ತನಕ ಕಾದು, ಆಮೇಲೆ ಹೇಳುವರು. ಆ ಕಾಯುವುದು ನನಗೆ ಬೇಸರ ತರಿಸುತ್ತಿತ್ತು. ನಾನು ಗಡಿಬಿಡಿಯವಳು.

ಜಮಖಂಡಿಯಲ್ಲಿ ಅವರು ನಮಗೆ ಮೂರು ದಿನದ ತರಬೇತಿ ಕೊಟ್ಟದ್ದು ನನಗೆ ಒಂದು ಕನಸಿನಂತೆ ನೆನಪಿದೆ. ಬಿಸಿಲಿನ ದಿನಗಳು. ಮೇಲೆ ಫ್ಯಾನು ನಿಧಾನ ತಿರುಗುತ್ತಿತ್ತು, ಹೊಟ್ಟೆಯಲ್ಲಿ ರೊಟ್ಟಿ ಊಟ, ಪರದೆಯ ಮೇಲೆ ಒಂದರ ಹಿಂದೆ ಒಂದು ಚಿತ್ರ. ಮೇಜಿನ ಮೇಲೊಂದು ರಬ್ಬರಿನ ಗೊಂಬೆ ಮಲಗಿತ್ತು. ಅದೇ ಕೂಸು. ಅದರ ತೊಡೆಗೆ ಸೂಜಿ ಚುಚ್ಚಿ, ತೆಗೆದ ಕೂಡಲೇ ತಾಯಿಗೆ ನಾಲ್ಕು ಮಾತು ಹೇಳಬೇಕು. ಇದು ಯಾವ ರೋಗದ ಲಸಿಕೆ. ಜ್ವರ, ಬಾವು ಬಂದರೆ ಹೆದರಬೇಡ, ಹೀಗೆ ಹೀಗೆ ಮಾಡು. ಮುಂದಿನ ಸೂಜಿಗೆ ಯಾವಾಗ ಬರಬೇಕು. ತಾಯಿ ಕಾರ್ಡು ಜೋಪಾನ, ಬರುವಾಗ ತರಬೇಕು. ಇಷ್ಟೇ. ನಾವು ಸರದಿಯಂತೆ ಗೊಂಬೆಗೆ ಚುಚ್ಚಿ, ತಾಯಿಯಾಗಿ ಕೂತ ಗೆಳತಿಗೆ ನಾಲ್ಕು ಮಾತು ಒಪ್ಪಿಸಿದೆವು. ಕೊನೆಯ ದಿನ ಪರೀಕ್ಷೆ. ನನಗೆ ಪೂರ್ತಿ ಅಂಕ ಬಂತು, ಒಂದು ಪೆನ್ನು ಬಹುಮಾನ ಬಂತು. ಬೀಳಗಿಯಲ್ಲಿದ್ದ ನನ್ನ ಅವ್ವನಿಗೆ ಫೋನು ಮಾಡಿ ಆ ಪೆನ್ನಿನ ಬಣ್ಣ ಕೂಡ ಹೇಳಿದ್ದೆ.

ಅವ್ವ ಹೊಲಿಗೆ ಯಂತ್ರ ತುಳಿದು ತುಳಿದು ನನ್ನನ್ನು ನರ್ಸಿಂಗ್ ಓದಿಸಿದವಳು. ನನ್ನದೋ ಗುತ್ತಿಗೆಯ ಕೆಲಸ. ವರ್ಷ ವರ್ಷ ಮುಂದುವರಿಸಬೇಕು. ಆ ವರ್ಷ ಒಂದು ಹೊಸ ಸುದ್ದಿ ಹಬ್ಬಿತ್ತು: ತರಬೇತಿ ಮುಗಿದ ಮೂರು ತಿಂಗಳಿಗೆ ಅದರ ಫಲ ಏನಾಯಿತೆಂದು ನೋಡುತ್ತಾರೆ, ಯಾರು ನಪಾಸೋ ಅವರ ಗುತ್ತಿಗೆ ಮುಂದುವರಿಯುವುದಿಲ್ಲ. ನಾನು ಒಂದಿಷ್ಟೂ ಹೆದರಲಿಲ್ಲ. ರಬಕವಿಯ ನೇಕಾರರ ಓಣಿಗಳು ನನ್ನ ಪಾಲಿಗಿದ್ದವು. ಪ್ರತಿ ಗುರುವಾರ ಅಂಗನವಾಡಿಯಲ್ಲಿ ಕೂತು, ಬಾರದವರ ಮನೆಗೂ ಹೋಗಿ, ಪ್ರತಿ ಕೂಸಿಗೆ ಸೂಜಿ ಹಾಕಿ, ತೆಗೆದ ಕೂಡಲೇ ಪ್ರತಿ ತಾಯಿಗೆ ನಾಲ್ಕು ಮಾತು ಹೇಳಿದ್ದೆ. ಒಂದನ್ನೂ ಬಿಟ್ಟಿರಲಿಲ್ಲ, ದೇವರಾಣೆ.

ಮೂರು ತಿಂಗಳಾದ ಮೇಲೆ ಒಂದು ಸಂತೆಯ ದಿನ ಅಕ್ಕೋರು ಬಂದರು. ಕೈಯಲ್ಲಿ ಫಾರಂ ಇಲ್ಲ, ಪ್ರಶ್ನೆ ಇಲ್ಲ. "ಬಾ ತಂಗಿ, ಮಹಾಲಿಂಗಪುರಕ್ಕ ಹೋಗಿ ಬರೂಣು. ಆ ಬಿಳಿ ಕೋಟು ತಗದಿಡು. ಮುಖಕ್ಕ ಮಾಸ್ಕ್ ಹಾಕ್ಕೋ" ಅಂದರು.

"ಯಾಕ್ರಿ ಅಕ್ಕೋರ?"

"ನಿನ್ನ ಪರೀಕ್ಷಾ ಐತಿ."

ಬಸ್ಸಿನಲ್ಲಿ ನನ್ನನ್ನು ಹಿಂದಿನ ಸೀಟಿಗೆ ಕೂರಿಸಿ, ತಾವು ನನ್ನ ಮುಂದೆ ಕೂಸು ಎತ್ತಿಕೊಂಡಿದ್ದ ಒಬ್ಬ ಹೆಣ್ಣುಮಗಳ ಬಾಜೂಕ ಕೂತರು. ನೋಡಿದರೆ ನನ್ನ ಓಣಿಯವಳೇ. ಎದೆಯಲ್ಲಿ ಒಂದು ಸಣ್ಣ ಖುಷಿ ಆಯಿತು, ಇವಳಿಗೆ ನಾನು ಎಲ್ಲ ಹೇಳಿದ್ದೇನೆ ಅಂತ. ಅಕ್ಕೋರು ಮೊದಲು ಕೂಸಿನ ಕುಲಾವಿ ನೋಡಿ ಯಾರು ಹೆಣೆದರು ಅಂದರು, ಹಲ್ಲು ಬಂದಾವೇನು ಅಂದರು, ಹಾಲು ಸಾಕಾಗತೈತೇನು ಅಂದರು. ಆಮೇಲೆ ಎಷ್ಟೋ ಹೊತ್ತಿಗೆ ಆ ಪ್ರಶ್ನೆ ಬಂತು, ಸೂಜಿ ಹಾಕಿದಾಕಿ ಏನ್ ಹೇಳಿದ್ಳು ಅಂತ.

"ಹೇಳಿದ್ಳರಿ ಪಾಪ, ಭಾಳ ಹೇಳಿದ್ಳು" ಅಂದಳು ಆಕೆ. "ಕೂಸು ಕಿಟಾರನ ಚೀರಾಕತ್ತಿತ್ತು. ಅದನ್ನ ರಮಿಸ್ಲೋ, ಆಕಿ ಮಾತ ಕೇಳ್ಲೋ? ಒಂದೂ ತಲಿಗೆ ಹೋಗ್ಲಿಲ್ರಿ."

ಅಕ್ಕೋರು ಎದ್ದು ಇನ್ನೊಂದು ಸೀಟಿಗೆ ಹೋದರು. ಅಲ್ಲಿದ್ದವಳೂ ನನ್ನವಳೇ. "ಬಾಯಿ ಅಲಗಾಡೂದು ಕಂಡ್ನಿರಿ. ದನಿ ಕೇಳ್ಲಿಲ್ಲ. ಒಂದ ಕಡೆ ಕೂಸು, ಒಂದ ಕಡೆ ಮಗ್ಗ" ಅಂದಳು.

ಮೂರನೆಯವಳು ಸಂತೆಯ ಚೀಲ ಕಾಲಡಿ ಇಟ್ಟುಕೊಂಡು ಕೂತಿದ್ದಳು. ಅವಳೂ ನನ್ನ ಓಣಿಯವಳೇ. "ಮದಲ್ನೇ ಸೂಜಿಗೇ ಜ್ವರ ಬಂದು ಎರಡ ದಿನ ನಳ್ಳಿತ್ರಿ ಕೂಸು. ಇನ್ನ ಆ ನರ್ಸಬಾಯಿ ಕಡೆ ಹೋದ್ರ ಕಾಲ ಮುರೀತೇನಿ ಅಂದ್ಳು ನಮ್ಮತ್ತಿ. ಹೋಗೇ ಇಲ್ರಿ ಮತ್ತ."

"ಜ್ವರ ಬರ್ತೈತಿ ಅಂತ ಆಕಿ ಹೇಳಿದ್ದಿಲ್ಲಾ?"

"ಹೇಳಿದ್ದು ಕೇಳಿದ್ರ ನಾವ್ಯಾಕ ಹೆದರ್ತಿದ್ವಿರಿ?"

ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಇಳಿದೆವು. ಗಾಡಿಯವನ ಹತ್ತಿರ ಎರಡು ಗ್ಲಾಸು ಕಬ್ಬಿನ ಹಾಲು ಹೇಳಿ ಅಕ್ಕೋರು ತಮ್ಮ ಸೆರಗಿನ ತುದಿ ನನ್ನ ಮುಂದೆ ಹಿಡಿದರು. "ನೋಡಿಲ್ಲೆ. ಅವರು ಒಂದು ಮಾತು ನೆನಪಿಟ್ಟು ಹೇಳಿದ್ರ ನಾ ಒಂದು ಗಂಟು ಹಾಕ್ತೇನಿ. ಬಸ್ಸಿನ್ಯಾಗ ಪೆನ್ನು ಹಾಳಿ ತಗದ್ರ ಹೆಣ್ಮಕ್ಕಳು ಬಾಯಿ ಮುಚ್ಚಿಬಿಡ್ತಾರ. ಸಂಜಿಗೆ ಮನಿಗೆ ಹೋಗಿ ಗಂಟು ಬಿಚ್ಚಿಕೋತ ಬರೀತೇನಿ." ಆ ತುದಿ ಯಾಕೆ ಸದಾ ಮುದುಡಿರುತ್ತಿತ್ತೆಂದು ಅವತ್ತು ತಿಳಿಯಿತು. ಹಳೆಯ ಗಂಟುಗಳ ಸುಕ್ಕು ಬಿಟ್ಟರೆ ಅವತ್ತು ಅದರಲ್ಲಿ ಏನೂ ಇರಲಿಲ್ಲ. ಮೂರು ಹೆಂಗಸರು, ಹನ್ನೆರಡು ಮಾತು, ಗಂಟು ಒಂದೂ ಇಲ್ಲ.

ನಾನು ಅತ್ತೆ. ಬಸ್ ನಿಲ್ದಾಣ ಅನ್ನುವುದನ್ನೂ ನೋಡದೆ ಅತ್ತೆ. "ಅಕ್ಕೋರ, ಕೈ ಮುಗೀತೇನಿ, ಒಂದೊಂದಾರ ಗಂಟು ಹಾಕ್ರಿ. ನನ್ನ ಕೆಲಸ ಹೋಗ್ತೈತ್ರಿ. ನಮ್ಮವ್ವ ಮತ್ತ ಮಷಿನ್ ತುಳೀಬೇಕಾಗ್ತೈತಿ."

"ಇಲ್ಲದ ಗಂಟು ಹಾಕಿದ್ರ ಸಂಜಿಗೆ ಬಿಚ್ಚಿ ಏನಂತ ಬರೀಲಿ?"

ಅಳು ಹೋಗಿ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಹಿಂದೆ ಮುಂದೆ ಕಾಣುವುದಿಲ್ಲ. "ನಾ ಹೇಳೇನ್ರಿ! ಒಬ್ಬಾಕೀನ್ನೂ ಬಿಟ್ಟಿಲ್ಲ. ಸೂಜಿ ತಗದ ಕೂಡ್ಲೆ ನಾಕೂ ಮಾತು ಹೇಳೇನಿ. ನೀವು ಹೆಂಗ ಕಲಿಸೀರಿ ಹಂಗ ಹೇಳೇನಿ!"

ಅವರು ಗ್ಲಾಸನ್ನು ಬಾಯಿಗೆ ಒಯ್ಯುತ್ತಿದ್ದವರು ನಿಂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಅವರು ನನ್ನ ಮುಖದಾಚೆ ಎಲ್ಲೋ ನೋಡಿದರು. ಹತ್ತಿರದ ಅಡತಿ ಅಂಗಡಿಯಿಂದ ಬೆಲ್ಲದ ವಾಸನೆ ಬರುತ್ತಿತ್ತು. "ನಾ ಕಲಿಸಿದಂಗ" ಅಂದರು ತಮಗೆ ತಾವೇ. "ಸೂಜಿ ತಗದ ಕೂಡ್ಲೆ. ಖರೆ. ಗೊಂಬಿ ಅಳೂದಿಲ್ಲ ನೋಡು ತಂಗಿ. ಜಮಖಂಡ್ಯಾಗ ಮಗ್ಗಾನೂ ಇದ್ದಿಲ್ಲ." ಕಬ್ಬಿನ ಹಾಲು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದರು.

ಆ ಫಲಿತಾಂಶದ ಹಾಳೆಯನ್ನು ನಾನು ಆಮೇಲೆ ಕಣ್ಣಾರೆ ನೋಡಿದೆ. ನಮ್ಮ ಹೆಸರುಗಳ ಮುಂದಿನ ಜಾಗ ಖಾಲಿ ಬಿಟ್ಟಿದ್ದರು. ಕೆಳಗೆ ತಮ್ಮ ದುಂಡು ಅಕ್ಷರದಲ್ಲಿ ಒಂದೇ ಸಾಲು: ತರಬೇತಿ ಕೊಟ್ಟವರು ಅನುತ್ತೀರ್ಣ. ಅದರ ಕೆಳಗೆ ಸಹಿ.

ಮೇಲಿನ ಕಚೇರಿಯ ಸಾಹೇಬರು ಹಾಳೆ ನೋಡಿ ಹೌಹಾರಿದರಂತೆ. ಕೆಟ್ಟ ಮನುಷ್ಯರಲ್ಲ ಅವರು. ಅಕ್ಕೋರ ಮೇಲೆ ಅಭಿಮಾನವಿದ್ದವರೇ. ಇನ್ನೆರಡು ತಿಂಗಳಿಗೆ ನಿವೃತ್ತಿ, ನಿವೃತ್ತಿಯಾದ ಮೇಲೂ ತರಬೇತಿಗೆ ನಿಮ್ಮನ್ನೇ ಕರೆಯಬೇಕೆಂದು ಬರೆದಿದ್ದೇನೆ, ಇದೇನು ಹುಚ್ಚು, ಎಲ್ಲರೂ ಪಾಸು ಅಂತ ಬರೆದು ಕೊಡಿ ಅಂದರಂತೆ. ನಾನೂ ಅದನ್ನೇ ಬೇಡಿಕೊಂಡೆ. ಅಕ್ಕೋರು ನನ್ನ ಮೊಣಕೈ ಮುಟ್ಟಿ, ನಾನು ನೋಡುವ ತನಕ ಕಾದು ಹೇಳಿದರು: "ಪಾಸಂತ ಬರದ್ರ ನೀ ಮತ್ತ ಹಂಗ ಮಾಡ್ತಿ. ನಪಾಸಂತ ಬರದ್ರ ನಿನ್ನ ತಗದು ಇನ್ನೊಬ್ಬಾಕಿನ ತರ್ತಾರ, ಆಕೀನೂ ಹಂಗ ಮಾಡ್ತಾಳ. ಕೂಸಿಗೇನ ಬಂತು?" ಸಾಹೇಬರ ಹತ್ತಿರ ಅವರು ಕೇಳಿಕೊಂಡದ್ದು ಒಂದೇ. ಒಂದು ತಿಂಗಳು ತಡೆಯಿರಿ, ಅದೇ ಹೆಂಗಸರನ್ನು ಮತ್ತೆ ಕೇಳಿ ಬರುತ್ತೇನೆ.

ಆ ಒಂದು ತಿಂಗಳು! ಅದನ್ನು ನೆನೆದರೆ ನನಗೆ ಈಗಲೂ ಕಿವಿಯಲ್ಲಿ ಮೊದಲು ಸದ್ದು, ಆಮೇಲೆ ನಿಶ್ಶಬ್ದ ಕೇಳಿಸುತ್ತದೆ. ಅವರು ನನಗೆ ಏನನ್ನೂ ಕಲಿಸಲಿಲ್ಲ. ಒಂದು ಮನೆಯ ಕಟ್ಟೆಯ ಮೇಲೆ ಕೂರಿಸಿ, "ನೋಡು" ಅಂದರು. ಒಳಗೆ ನಾಲ್ಕು ಮಗ್ಗ ನಡೆಯುತ್ತಿದ್ದವು. ಅತ್ತೆ ಆ ತುದಿಯಲ್ಲಿ, ಸೊಸೆ ಈ ತುದಿಯಲ್ಲಿ. ಮೊದಮೊದಲು ನನಗೆ ಬರೀ ಖಟಖಟ ಕೇಳಿತು. ಆಮೇಲೆ ಕಂಡಿತು: ಅತ್ತೆ ಎದ್ದು ಬಂದು ಸೊಸೆಯ ಹೆಗಲು ಮುಟ್ಟಿದಳು, ಸೊಸೆ ತಿರುಗುವ ತನಕ ಕಾದಳು, ಬೆರಳಿನಲ್ಲಿ ಏನೋ ತೋರಿಸಿದಳು. ಸೊಸೆ ಹೋಗಿ ಒಲೆ ಆರಿಸಿ ಬಂದಳು. ಒಂದು ಮಾತಿಲ್ಲ, ಒಂದು ಕೂಗಿಲ್ಲ.

"ನಮ್ಮವ್ವನೂ ಹಿಂಗ ಹೇಳ್ತಿದ್ಳು" ಅಂದರು ಅಕ್ಕೋರು. "ನಾ ಸಾಲಿ ಕಲ್ತು, ನೌಕರಿ ಹಿಡದು, ನಮ್ಮವ್ವನ ಇದ್ಯಾ ಮರತು, ಪರದೇದ ಮ್ಯಾಲ ಚಿತ್ರಾ ತೋರಿಸಿದ್ನಿ ನಿಮಗ."

ಅವತ್ತಿನಿಂದ ನಮ್ಮ ಕೆಲಸದ ರೀತಿ ತಿರುವುಮುರುವಾಯಿತು. ಮಾತು ಮೊದಲು, ಸೂಜಿ ಆಮೇಲೆ. ಕೂಸು ನಗುತ್ತಿರುವಾಗಲೇ ತಾಯಿಗೆ ಹೇಳಬೇಕು, ಅವಳ ನಾಲ್ಕು ಬೆರಳು ಒಂದೊಂದಾಗಿ ಮಡಿಸಿ ಹೇಳಬೇಕು. ಸೂಜಿ ಹಾಕಿ, ಕೂಸು ಅತ್ತು, ಎದೆ ಹಾಲಿಗೆ ಬಾಯಿ ಹಾಕಿ ಸುಮ್ಮನಾದ ಮೇಲೆ ತಾಯಿಯೇ ಬೆರಳು ಬಿಚ್ಚುತ್ತ ತಿರುಗಿ ಹೇಳಬೇಕು. ಮನೆಗೆ ಹೋದರೆ ಮೊದಲು ಮಗ್ಗ ನಿಲ್ಲಬೇಕು. ಇದನ್ನು ಹೇಳುವುದು ಸುಲಭ. ಒಬ್ಬ ಯಜಮಾನ ನನಗೆ ಕೈ ತಿರುವಿ ಅಂದ, "ಏ ಸಿಸ್ಟರ, ಮಗ್ಗ ನಿಂದ್ರಿಸಿದ್ರ ಸೀರಿ ನೀ ನೇಯ್ತಿಯೇನ?" ಅಕ್ಕೋರು ನಕ್ಕು, "ಬ್ಯಾಡೋ ಮಾರಾಯ, ನಿಂದ್ರಿಸಬ್ಯಾಡ. ಕರೆಂಟಿನವರ ನಿಂದ್ರಿಸ್ತಾರ, ನಾವು ಕುಂತಿರ್ತೇವಿ" ಅಂದರು.

ಹಾಗೇ ಕೂತೆವು. ಕರೆಂಟು ಹೋಗುವುದನ್ನು ಕಾಯುವ ಜನ ರಬಕವಿಯಲ್ಲಿ ಆ ತಿಂಗಳು ನಾವಿಬ್ಬರೇ ಇದ್ದಿರಬೇಕು. ಬೇವಿನ ಗಿಡದ ಕೆಳಗೆ, ಮಡಿಲಲ್ಲಿ ಕಾರ್ಡುಗಳ ಕಟ್ಟು. ಸುತ್ತ ಸಾವಿರ ಮಗ್ಗಗಳ ಸದ್ದಿನಲ್ಲಿ ನನಗೆ ತೂಕಡಿಕೆ ಹತ್ತುತ್ತಿತ್ತು. ಇದ್ದಕ್ಕಿದ್ದಂತೆ ಊರಿಗೆ ಊರೇ ಉಸಿರು ಹಿಡಿದು ನಿಂತ ಹಾಗೆ ಆಗುವುದು. ಒಂದು ಕಾಗೆ ಕೂಗಿದ್ದು ಕೇಳುವುದು. ಯಾರದೋ ಮನೆಯಲ್ಲಿ ಬಳೆ ಕೇಳುವುದು, ದೂರದ ಓಣಿಯಲ್ಲಿ ಕೊಡ ಇಟ್ಟದ್ದು ಕೇಳುವುದು. ಆ ನಿಶ್ಶಬ್ದದಲ್ಲಿ ಬಿಸಿಲು ಕೂಡ ಬೇರೆ ಥರ ಕಾಣುವುದು. ನಾನು ಬೆಪ್ಪಾಗಿ ಕೇಳುತ್ತ ಕೂತರೆ ಅಕ್ಕೋರು ಬೆನ್ನಿಗೆ ಗುದ್ದುವರು. "ಓಡಬೇ! ಕರೆಂಟು ಬಂದಗಿಂದೀತು!"

ಹಾಗೆ ಓಡಿ ಹೋದದ್ದು ಒಂದು ದಿನ ಆ ಮೂರನೆಯವಳ ಮನೆಗೆ, ಕಾಲು ಮುರಿಯುತ್ತೇನೆ ಅಂದಿದ್ದ ಅತ್ತೆಯ ಮುಂದೆ. ಮುದುಕಿ ಹೊಸ್ತಿಲಿಗೆ ಅಡ್ಡ ಕೂತಿದ್ದಳು. "ಜ್ವರ ಬರ್ತೈತಿ ಅಂತ ಮದಲ ಹೇಳಾಕ ನಿನಗೇನ ಧಾಡಿ ಆಗಿತ್ತು?" ಅಂದಳು. ಹೇಳಿದ್ದೆನಲ್ಲ ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಬಾಗಿಲ ಬಳಿ ನಿಂತಿದ್ದ ಅಕ್ಕೋರ ಕಡೆ ನೋಡಿದೆ. ಅವರು ತಮ್ಮ ಸೆರಗಿನ ತುದಿ ನೋಡುತ್ತಿದ್ದರು.

"ತಪ್ಪಾತ್ರಿ ಆಯಿ" ಅಂದೆ. "ನಿಮಗ ಕೇಳೂವಂಗ ಹೇಳ್ಲಿಲ್ಲ."

ಮುದುಕಿ ಸರಿದು ಜಾಗ ಬಿಟ್ಟಳು. ಸೊಸೆಯ ಬೆರಳು ಹಿಡಿದು ಒಂದು ಹೇಳಿದೆ, ಎರಡು ಹೇಳಿದೆ. ಮೂರನೆಯದಕ್ಕೆ ಕರೆಂಟು ಬಂದೇ ಬಿಟ್ಟಿತು. ಮಗ್ಗಗಳು ಒಮ್ಮೆಲೇ ಬಡಿಯತೊಡಗಿದವು. ನಾನು ಗಂಟಲು ಹರಿದುಕೊಳ್ಳಲಿಲ್ಲ. ಅವಳು ನನ್ನ ಮುಖ ನೋಡುವ ತನಕ ಕಾದೆ. ಮುಂದಿನ ಗುರುವಾರವನ್ನು ಬೆರಳಿನಲ್ಲಿ ಎಣಿಸಿ ತೋರಿಸಿದೆ, ಕಾರ್ಡನ್ನು ಅವಳ ಎದೆಗೊತ್ತಿ ಹಿಡಿಸಿದೆ. ಅವಳು ತಲೆ ಆಡಿಸಿದಳು. ಹಿಂದೆ ಮುದುಕಿಯೂ ತಲೆ ಆಡಿಸಿದಳು. ನನಗೆ ಪೂರ್ತಿ ಅಂಕ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ತಿಂಗಳ ಕೊನೆಗೆ ಮತ್ತೆ ಮಹಾಲಿಂಗಪುರದ ಬಸ್ಸು, ಮತ್ತೆ ಮಾಸ್ಕು. ಮೂವರೂ ಒಂದೇ ದಿನ ಸಿಗಲಿಲ್ಲ. ಮೂರು ಊರಿನ ಸಂತೆ ತಿರುಗಿದೆವು. ಕೊನೆಗೆ ಸಿಕ್ಕವಳು ಆ ಮೂರನೆಯವಳು. ಕೂಸಿಗೆ ಎರಡನೆಯ ಸೂಜಿ ಆಗಿತ್ತು, ಜ್ವರವೂ ಬಂದು ಹೋಗಿತ್ತು. "ಬರ್ತೈತಂತ ಗೊತ್ತಿತ್ತಲ್ರಿ, ನಮ್ಮತ್ತಿ ತಾನ ಕೂಸಿನ ಹಣಿಗೆ ಒದ್ದಿ ಬಟ್ಟಿ ಹಾಕಿದ್ಳು" ಅನ್ನುತ್ತಿದ್ದಳು. ಹಿಂದಿನ ಸೀಟಿನಿಂದ ನನಗೆ ಅಕ್ಕೋರ ಮುಖ ಕಾಣುತ್ತಿರಲಿಲ್ಲ, ಕೈ ಕಾಣುತ್ತಿತ್ತು. ಒಂದು ಗಂಟು ಬಿತ್ತು. ಇನ್ನೊಂದು. ಮತ್ತೊಂದು. ಮೂರಕ್ಕೆ ನಿಂತಿತು. ಯಾವ ರೋಗದ ಸೂಜಿ ಅನ್ನುವುದನ್ನು ಆಕೆ ಮರೆತಿದ್ದಳು. ನಾನು ಉಸಿರು ಹಿಡಿದು ಕೂತೇ ಇದ್ದೆ, ಅವರು ನಾಲ್ಕನೆಯದನ್ನು ಹಾಕಲಿಲ್ಲ.

ನನ್ನ ಗುತ್ತಿಗೆ ಮುಂದುವರಿಯಿತು. ಎರಡನೆಯ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಅವರು ಬರೆದದ್ದು ಕಂಡದ್ದನ್ನಷ್ಟೇ. ಆದರೆ ಮೊದಲ ಹಾಳೆಯನ್ನು ಅವರು ವಾಪಸು ತೆಗೆದುಕೊಳ್ಳಲಿಲ್ಲ. ತರಬೇತಿ ಕೊಟ್ಟವರು ಅನುತ್ತೀರ್ಣ ಅನ್ನುವ ಸಾಲು ಕಡತದಲ್ಲಿ ಉಳಿಯಿತು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಣ್ಣು ಕೊಟ್ಟರು. ಮುಂದೆ ತರಬೇತಿಗೆ ಅವರನ್ನು ಯಾರೂ ಕರೆಯಲಿಲ್ಲ. ಅನುತ್ತೀರ್ಣರನ್ನು ಹೇಗೆ ಕರೆಯುವುದು? ನನಗಿಂತ ಕಡಿಮೆ ತಿಳಿದವರು ಬಂದು ಪರದೆಯ ಮೇಲೆ ಚಿತ್ರ ತೋರಿಸಿ ಹೋದರು. ಹೊಟ್ಟೆ ಉರಿದು ಒಂದು ದಿನ ಅಕ್ಕೋರ ಮುಂದೆಯೇ ಅಂದೆ. ಅವರು, "ಇರ್ಲಿ ಬಿಡಬೇ, ನನಗ ಬಸ್ಸೈತಿ" ಅಂದರು.

ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆದಾಗ ಅವರ ಸಂಭ್ರಮ ನೋಡಬೇಕಿತ್ತು. ಜಮಖಂಡಿ, ಮುಧೋಳ, ಬೀಳಗಿ, ತೇರದಾಳ, ಎಲ್ಲಿ ಬಸ್ಸು ಹೊರಟರೂ ಇವರು ಹತ್ತಿದರು. "ಇಷ್ಟು ವರ್ಷ ಕೈಲೆ ರೊಕ್ಕ ಕೊಟ್ಟು ಪರೀಕ್ಷಾ ಮಾಡಿದ್ನಿ. ಈಗ ನೋಡು, ಸರಕಾರ ತಾನಾಗಿ ಕರ್ಕೊಂಡು ಹೊಂಟೈತಿ" ಎಂದು ನಗುವರು. ಯಾವ ಊರಿನ ನರ್ಸಬಾಯಿ ಹೇಗೆ ಹೇಳುತ್ತಾಳೆಂದು ಗಂಟು ಹಾಕಿ ತಂದು, ಸಂಜೆಗೆ ನನಗೆ ಫೋನು ಮಾಡಿ, "ಆಕಿ ಕಡೆ ಒಂದ್ಸಲ ಹೋಗಿ ಬಾ ತಂಗಿ" ಅನ್ನುವರು. ಬೈಯಬೇಡ, ಹೋಗಿ ಕೂತು ಬಾ ಅಷ್ಟೇ.

ಒಮ್ಮೆ ಬೀಳಗಿಗೆ ನನ್ನ ಅವ್ವನನ್ನು ನೋಡಲು ಬಂದರು. ಊಟವಾದ ಮೇಲೆ ಕೃಷ್ಣೆಯ ಹಿನ್ನೀರು ನೋಡೋಣ ಅಂದರು. ದಡದಲ್ಲಿ ಇಬ್ಬರೂ ಕೂತೆವು. ನೀರು ಆಕಾಶದಂಚಿನ ತನಕ ಹರಡಿತ್ತು, ಒಂದೂ ಅಲೆಯಿರಲಿಲ್ಲ, ಬಿಳಿ ಹಕ್ಕಿಗಳು ನಿಂತಲ್ಲೇ ನಿಂತಿದ್ದವು. ಅವರು ಬೆರಳು ಚಾಚಿ, "ಅಲ್ಲಿ ಕೆಳಗ ಒಂದು ಊರಿತ್ತು. ನಾ ಮದಲ ಸೂಜಿ ಹಾಕಿದ ಊರು" ಅಂದರು. ಆ ಊರು ಮುಳುಗಿ ಜನ ಎಲ್ಲೆಲ್ಲೋ ಹೋಗಿದ್ದರು. "ಆವಾಗ ನಾನೂ ಸೂಜಿ ತಗದ ಮ್ಯಾಲನ ಹೇಳ್ತಿದ್ನಿ. ಆ ತಾಯಂದ್ರಿಗೆ ಏನ ಕೇಳಿತ್ತೋ ಏನೋ. ಈಗ ಯಾರನ್ನ ಕೇಳ್ಲಿ? ಕನಸಿನ್ಯಾಗ ಬರ್ತಾರ. ಕೂಸು ಅಳ್ತಿರ್ತಾವು, ನನ್ನ ಬಾಯಿ ಅಲಗ್ಯಾಡ್ತಿರ್ತೈತಿ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

ಕಾಲ ಕಳೆದು ನನ್ನ ಕೆಲಸ ಕಾಯಂ ಆಯಿತು, ಕಲಿಸುವ ಸರದಿ ನನಗೂ ಬಂತು. ಮುಧೋಳದಲ್ಲಿ ಹೊಸ ನರ್ಸುಗಳಿಗೆ ತರಬೇತಿ ಕೊಡುವಾಗ ನಾನು ಗೊಂಬೆ ಇಡುತ್ತೇನೆ, ಜೊತೆಗೆ ಫೋನಿನಲ್ಲಿ ಕೂಸು ಅಳುವ ಸದ್ದು, ಮಗ್ಗದ ಸದ್ದು ಎರಡನ್ನೂ ಪೂರ್ತಿ ಜೋರಾಗಿ ಹಚ್ಚುತ್ತೇನೆ. ಹುಡುಗಿಯರು ಕಿವಿ ಮುಚ್ಚಿಕೊಂಡು, "ತಲಿ ಚಿಟ್ಟ ಹಿಡೀತ್ರಿ ಮೇಡಮ್, ಬಂದ್ ಮಾಡ್ರಿ" ಅನ್ನುತ್ತಾರೆ. ಯಾರು ಮೊದಲು ಎದ್ದು ಬಂದು ಅದನ್ನು ಬಂದ್ ಮಾಡಿ ಆಮೇಲೆ ಮಾತು ಶುರು ಮಾಡುತ್ತಾಳೋ ಅವಳಿಗೆ ಪೆನ್ನು.

ಹೋದ ವರ್ಷ ಅಕ್ಕೋರಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಬನಹಟ್ಟಿಯ ಮನೆಗೆ ನೋಡಲು ಹೋದೆ. ಮುಂದಿನ ಪಡಸಾಲೆಯಲ್ಲಿ ಮಗನ ಎರಡು ಮಗ್ಗ ನಡೆಯುತ್ತಿದ್ದವು, ಒಳಕೋಣೆಯಲ್ಲಿ ಅವರು. ನೈಟಿ ಹಾಕಿಸಿದರೆ ಕಿತ್ತು ತೆಗೆಯುತ್ತಿದ್ದರಂತೆ. ಸೊಸೆ ದಿನಾ ಸೀರೆಯನ್ನೇ ಸುತ್ತುತ್ತಿದ್ದಳು. ನನ್ನನ್ನು ಕಂಡು ಅಕ್ಕೋರ ಕಣ್ಣು ತುಂಬಿದವು. ಅವರು ಎಡಗೈಯಲ್ಲಿ ನನ್ನ ಮೊಣಕೈ ಮುಟ್ಟಿದರು, ನಾನು ನೋಡುವ ತನಕ ಕಾದರು, ಸೊಸೆಯ ಕಡೆಗೆ ಬೆರಳು ಮಾಡಿದರು. ಆಮೇಲೆ ತಮ್ಮ ಸೆರಗಿನ ತುದಿಯನ್ನು ಎಳೆದು ನನ್ನ ಕೈಗಿಟ್ಟರು.

ನನಗೆ ತಿಳಿಯಿತು. ಸೊಸೆಯನ್ನು ಕೇಳಿದೆ, "ಯವ್ವಾ, ಇವರನ್ನ ಹೆಂಗ ನೋಡ್ಕೋಬೇಕಂತ ದವಾಖಾನಿಂದ ಯಾರಾರ ಬಂದು ಹೇಳ್ಯಾರೇನು?"

"ಬಂದಿದ್ಳರಿ, ಒಬ್ಬಾಕಿ ಹೊಸಾ ನರ್ಸಬಾಯಿ. ಹೆಸರು ಗೊತ್ತಿಲ್ಲ. ಮುಧೋಳದಾಗ ಟ್ರೇನಿಂಗ್ ಆಗೇತಿ ಅಂದ್ಳು."

ಅಂದರೆ ನಾನು ಕಲಿಸಿದ ಹುಡುಗಿ. "ಏನ್ ಹೇಳಿದ್ಳು?"

"ಬಂದಾಕೀನ ಮದಲ ಮಗ್ಗ ಬಂದ್ ಮಾಡ್ಸಿದ್ಳರಿ. ನಮ್ಮ ಮನಿಯವ್ರು ಸಿಟ್ಟಾದ್ರು. ಆಕಿ ಸುಮ್ಮ ನಿಂತ್ಳು, ಬಂದ್ ಮಾಡೂತನಕ ಬಾಯಿ ತಗೀಲಿಲ್ಲ." ಸೊಸೆ ಬೆರಳು ಬಿಚ್ಚತೊಡಗಿದಳು. ಎರಡು ತಾಸಿಗೊಮ್ಮೆ ಮಗ್ಗಲು ಹೊರಳಿಸಬೇಕು. ಊಟ ಹಾಕುವಾಗ ಎಬ್ಬಿಸಿ ಕೂರಿಸಿಯೇ ಹಾಕಬೇಕು. ಬಿಪಿ ಗುಳಿಗೆ ಒಂದು ದಿನವೂ ತಪ್ಪಿಸಬಾರದು. "ನಾಕನೇದು..." ಎಂದು ಬೆರಳು ಹಿಡಿದು ನಿಂತಳು. "ನಾಕನೇದು ಏನೋ ಅಂದ್ಳರಿ. ತಡೀರಿ... ಊಹೂಂ."

ಒಂದೊಂದು ಮಾತಿಗೆ ನಾನು ಒಂದೊಂದು ಗಂಟು ಹಾಕುತ್ತ ಬಂದಿದ್ದೆ. ಮೂರು ಆಗಿದ್ದವು. ಮಂಚದ ಮೇಲಿನ ಆ ಮುಖ ನೋಡಿದೆ. ಇವರಿಗೆ ಪೂರ್ತಿ ನಾಲ್ಕು ಸಿಗಲಿ, ನೀವು ಪಾಸು ಅಂತ ಒಂದು ಸಲವಾದರೂ ಯಾರಾದರೂ ಹೇಳಲಿ ಅನ್ನಿಸಿತು. ಕೈ ತಾನಾಗಿ ನಾಲ್ಕನೆಯದನ್ನೂ ಹಾಕಿತು.

ಅವರು ತುದಿಯನ್ನು ನನ್ನಿಂದ ತೆಗೆದುಕೊಂಡರು. ಎಡಗೈಯ ಹೆಬ್ಬೆರಳಿನಿಂದ ಒಂದೊಂದೇ ಗಂಟು ಮುಟ್ಟುತ್ತ ಬಂದರು. ನಾಲ್ಕನೆಯದರ ಮೇಲೆ ಬೆರಳು ನಿಂತಿತು. ನನ್ನ ಕಡೆ ನೋಡಿದರು. ಆಮೇಲೆ ಆ ಒಂದು ಕೈಯ ಉಗುರಿನಿಂದ ಅದನ್ನು ಬಿಚ್ಚಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಅತ್ತ ಹಾಗೆಯೇ ನನಗೆ ಅಳು ಬಂತು. "ತಪ್ಪಾತ್ರಿ ಅಕ್ಕೋರ" ಅಂದು ನಾನೇ ಬಿಚ್ಚಿದೆ. ಅವರು ನನ್ನ ಕೈಯನ್ನು ಎರಡು ಸಲ ತಟ್ಟಿ ಕಣ್ಣು ಮುಚ್ಚಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಇನ್ನೊಂದು ಕಡೆ ನಗುತ್ತಿತ್ತು.

ಆಮೇಲೆ ಹಲವು ತಿಂಗಳು ಇದ್ದರು. ಬೆನ್ನಿಗೆ ಒಂದೂ ಹುಣ್ಣಾಗಲಿಲ್ಲ. ನಾಲ್ಕನೆಯ ಮಾತು ಯಾವುದಿತ್ತೆಂದು ಆ ಹುಡುಗಿಯನ್ನು ಹುಡುಕಿ ಕೇಳಿದೆ, ಮತ್ತೆ ಅವರ ಮನೆಗೆ ಕಳಿಸಿದೆ. ಬೈಯಲಿಲ್ಲ. ಹೋಗಿ ಕೂತು ಬಾ ಅಂದೆ.

ಅವರು ಹೋದ ದಿನ ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳೆಲ್ಲ ನಿಂತಿದ್ದವು. ಯಾರಾದರೂ ಹೋದರೆ ಓಣಿಯವರು ಹಾಗೇ ನಿಲ್ಲಿಸುತ್ತಾರೆ. ಗೂಡಿನಲ್ಲಿ ದೀಪದ ಬತ್ತಿ ಚಿಟಗುಟ್ಟುವುದೂ ಕೇಳುತ್ತಿತ್ತು. ನಾನು ಅಂದು ಗಂಟು ಹಾಕಿದ್ದ ಅದೇ ಸೀರೆಯನ್ನು ಉಡಿಸಿದ್ದರು. ಒಗೆದು ಒಗೆದು ಗಂಟುಗಳು ಬಿಗಿದು ಜೋಳದ ಕಾಳಿನಷ್ಟಾಗಿದ್ದವು. ಸೊಸೆ ಸೆರಗಿನ ತುದಿ ಹಿಡಿದು ನನ್ನ ಕಡೆ ನೋಡಿದಳು. "ಇವನ್ನ ಬಿಚ್ಚೂಣೇನ್ರಿ?"

ನಾನು ಬೆರಳಿನಿಂದ ಮುಟ್ಟಿ ಎಣಿಸಿದೆ. ಮೂರೇ ಇದ್ದವು.

"ಇರ್ಲಿ ಬಿಡವ್ವಾ" ಅಂದೆ. "ಖರೇವ ಅದಾವು."